ದೀಪವಾರಿದ ಮೇಲೆ ಯಾವುದು ಬೆಳಕು?

(ಶ್ರೀ ಗುರುರಾಜರ ಆರಾಧನಾ ಮಹೋತ್ಸವದ ನಿಮಿತ್ತ ಮಾಡಿದ ಉಪನ್ಯಾಸದ ಲಿಖಿತರೂಪ)



 ಇಂದು ನಾವು ಹೇಳಬೇಕೆಂದಿರುವುದರಲ್ಲಿ ಶಾಸ್ತ್ರವಿಚಾರವೂ ಉಂಟು, ನಮ್ಮದೇ ಒಂದು ತಪ್ಪಿನ ನಿವೇದನೆಯೂ ಉಂಟು. ಎರಡನೆಯದನ್ನು ಮರೆಮಾಚಿ ಮೊದಲನೆಯದನ್ನು ಮಾತ್ರ ಹೇಳಿದರೆ ಕುಳಿತ ಪೀಠಕ್ಕೆ ಅಪಚಾರವಾದೀತೆಂಬ ಭಯದಿಂದ ಎರಡನ್ನೂ ಕೂಡಿಸಿಯೇ ಹೇಳುತ್ತೇವೆ.

ಬೃಹದಾರಣ್ಯಕೋಪನಿಷತ್ತಿನಲ್ಲಿ ಜನಕ ಮಹಾರಾಜನಿಗೂ ಯಾಜ್ಞವಲ್ಕ್ಯ ಮಹರ್ಷಿಗಳಿಗೂ ನಡೆದ ಒಂದು ಸಂವಾದವಿದೆ. ಮನುಷ್ಯನಿಗೆ ಬೆಳಕು ಯಾವುದು ಎಂದು ಜನಕರಾಜನು ಕೇಳುತ್ತಾನೆ. ಸೂರ್ಯನೇ ಬೆಳಕು, ಅವನ ಬೆಳಕಿನಲ್ಲಿಯೇ ಮನುಷ್ಯನು ಕುಳಿತುಕೊಳ್ಳುವನು, ಹೊರಗೆ ಹೋಗುವನು, ಕೆಲಸ ಮಾಡಿಕೊಂಡು ಹಿಂದಿರುಗುವನು ಎಂದು ಮಹರ್ಷಿಗಳ ಉತ್ತರ. ಸೂರ್ಯನು ಮುಳುಗಿದ ಮೇಲೆ? ಚಂದ್ರನು. ಚಂದ್ರನೂ ಮುಳುಗಿದ ಮೇಲೆ? ಅಗ್ನಿಯು. ಅಗ್ನಿಯೂ ಶಾಂತವಾದ ಮೇಲೆ? ಆಗ ಮಾತೇ ಬೆಳಕು. ತನ್ನ ಕೈಯೇ ತನಗೆ ಕಾಣದ ಕತ್ತಲೆಯಲ್ಲಿಯೂ ಎಲ್ಲಿಂದ ಧ್ವನಿ ಕೇಳುವುದೋ ಆ ಕಡೆಗೆ ಮನುಷ್ಯನು ಹೋಗಿ ಸೇರುತ್ತಾನೆ. ಮಾತೂ ಅಡಗಿದ ಮೇಲೆ? ಆತ್ಮನೇ ಬೆಳಕು. ಇದು ಆ ಸಂವಾದದ ತಾತ್ಪರ್ಯ. ನಮ್ಮ ಸಿದ್ಧಾಂತದಲ್ಲಿ ಆತ್ಮಶಬ್ದಕ್ಕೆ ಮುಖ್ಯಾರ್ಥನು ಪರಮಾತ್ಮನಾದ ಶ್ರೀಹರಿಯೇ ಎಂಬುದು ತಮಗೆಲ್ಲ ವಿದಿತವಾಗಿದೆ.

ಪಾಠಶಾಲೆಯಲ್ಲಿದ್ದಾಗ ನಾವು ಇದನ್ನು ಕಂಠಸ್ಥ ಮಾಡಿ ಒಪ್ಪಿಸಿದ್ದೆವು. ಆದರೆ ಒಂದೊಂದಾಗಿ ಬೆಳಕುಗಳು ಆರುತ್ತ ಹೋಗುವುದೆಂದರೇನು ಎಂಬುದು ನಮಗೆ ಅನುಭವಕ್ಕೆ ಬಂದದ್ದು ಕ್ರೋಧಿ ಸಂವತ್ಸರದ ಶ್ರಾವಣ ಬಹುಳ ಬಿದಿಗೆಯಂದು, ಅಂದರೆ 2024ನೆಯ ಇಸವಿ ಆಗಸ್ಟ್ 21ರ ಬುಧವಾರ, ಶ್ರೀರಾಯರ ಮಧ್ಯಾರಾಧನೆಯ ರಾತ್ರಿಯಲ್ಲಿ.

ಅಂದು ನಮ್ಮ ಮಠದಲ್ಲಿ ನೆರೆದಿದ್ದವರಿಗೆ ಆ ಸಂಗತಿಯು ನೆನಪಿರಬಹುದು. ಮಧ್ಯಾಹ್ನವೇ ಗಾಳಿಮಳೆಯಿಂದ ಎರಡು ಗಂಟೆಗಳ ಕಾಲ ವಿದ್ಯುತ್ತು ನಿಂತಿತ್ತು. ಅಲಂಕಾರಪಂಕ್ತಿಯ ಬ್ರಾಹ್ಮಣಭೋಜನವೆಲ್ಲ ಇನ್ವರ್ಟರಿನ ದೀಪಗಳಲ್ಲಿಯೇ ಮುಗಿಯಿತು. ಐದು ಗಂಟೆಗೆ ವಿದ್ಯುತ್ತು ಬಂದಾಗ ಎಲ್ಲರೂ ನಿಶ್ಚಿಂತರಾದೆವು. ಸಂಜೆ ರಥೋತ್ಸವವನ್ನು ಪ್ರಾಕಾರದೊಳಗೇ ಮುಗಿಸಿ, ಸುಮಾರು ಮುನ್ನೂರು ಮಂದಿ ಒಳಗೆ ಕುಳಿತಿದ್ದರು. ನಾವು ಗುರುಚರಿತ್ರೆಯ ಪ್ರವಚನವನ್ನು ಆರಂಭಿಸಿದ್ದೆವು. ಏಳು ಗಂಟೆ ಹತ್ತು ನಿಮಿಷಕ್ಕೆ ಊರಿಗೆ ಊರೇ ಕತ್ತಲಾಯಿತು. ಸೂರ್ಯನು ಅಸ್ತಂಗತನಾಗಿದ್ದನು, ಬಿದಿಗೆಯ ಚಂದ್ರನು ಇನ್ನೂ ಉದಯಿಸಿರಲಿಲ್ಲ.

ಇನ್ವರ್ಟರು ಇದೆಯಲ್ಲ ಎಂದು ನಾವು ಪ್ರವಚನವನ್ನು ಮುಂದುವರಿಸಿದೆವು. ನಾಲ್ಕು ಗಂಟೆಗಳ ಕಾಲ ನಡೆಯಬೇಕಾದ ಅದು ಹನ್ನೆರಡು ನಿಮಿಷ ನಡೆದು, ಒಮ್ಮೆ ಕೂಗಿಕೊಂಡು ನಿಂತುಹೋಯಿತು. ಜನರೇಟರು ಇದೆಯಲ್ಲ ಎಂದು ಹಿತ್ತಲಿಗೆ ಹೋದೆವು. ಕೀಲಿಯನ್ನು ತಿರುಗಿಸಿದರೆ 'ಟಕ್' ಎಂಬ ಒಂದು ಶಬ್ದದ ಹೊರತು ಏನೂ ಇಲ್ಲ. ಯಂತ್ರವನ್ನು ಹೊರಡಿಸುವ ಬ್ಯಾಟರಿಯು ಬತ್ತಿಹೋಗಿತ್ತು; ಅದರ ತುದಿಗಳಲ್ಲಿ ಬಿಳಿಯ ಹಸಿರು ಪುಡಿ ಕಟ್ಟಿತ್ತು. ಭಕ್ತರೊಬ್ಬರು ತಮ್ಮ ಕಾರನ್ನು ಹಿತ್ತಲಿಗೆ ತಂದು, ಅದರ ಬ್ಯಾಟರಿಯಿಂದ ತಂತಿಗಳನ್ನು ಜೋಡಿಸಿದರು. ಯಂತ್ರವು ತಿರುಗಿತು, ಆದರೆ ಹತ್ತಲಿಲ್ಲ. ತೊಟ್ಟಿಯಲ್ಲಿ ಡೀಸೆಲ್ ತಳ ಕಂಡು ಕೊಳವೆಯೊಳಕ್ಕೆ ಗಾಳಿ ಸೇರಿಕೊಂಡಿತ್ತು. ಡೀಸೆಲ್ ತಂದು ಸುರಿದರೂ ಆ ಗಾಳಿಯನ್ನು ಹೊರದೂಡುವ ವಿದ್ಯೆಯನ್ನು ನಮ್ಮಲ್ಲಿ ಯಾರೂ ಅರಿತಿರಲಿಲ್ಲ. ಮೊಬೈಲು ದೀಪಗಳೇನೋ ಇದ್ದವು. ಆದರೆ ಆ ಬೆಳಕು ಒಬ್ಬರ ದಾರಿಯನ್ನು ತೋರಿಸುವಾಗ ಎದುರಿಗಿದ್ದವರ ಕಣ್ಣನ್ನು ಕುಕ್ಕುವಂಥದು. ನಮ್ಮ ಮಠದಿಂದ ಬೀದಿಗೆ ಇಳಿಯಲು ಹದಿನಾಲ್ಕು ಕಲ್ಲುಮೆಟ್ಟಿಲುಗಳು. ಎಲ್ಲವೂ ಮಳೆಯಲ್ಲಿ ನೆನೆದಿದ್ದವು. ಮಕ್ಕಳು ಅಳತೊಡಗಿದರು, ಕೆಲವರು ಎದ್ದು ಬಾಗಿಲ ಕಡೆಗೆ ನುಗ್ಗಲಾರಂಭಿಸಿದರು.

ಆಗ ಗರ್ಭಗೃಹದ ಹೊಸ್ತಿಲಿನಲ್ಲಿ ನಿಂತಿದ್ದ ನಮ್ಮ ತೀರ್ಥರೂಪರು ಎತ್ತರದ ಧ್ವನಿಯಲ್ಲಿ ಹೇಳಿದರು: "ಎಲ್ಲರೂ ಇದ್ದಲ್ಲಿಯೇ ಕುಳಿತುಕೊಳ್ಳಿ. ಮೆಟ್ಟಿಲಿನ ಕಡೆಗೆ ಯಾರೂ ಹೋಗಬೇಡಿ. ಮಕ್ಕಳ ಕೈಯನ್ನು ಹಿಡಿದುಕೊಳ್ಳಿ. ದೇವರ ಮುಂದೆ ನಂದಾದೀಪ ಉರಿಯುತ್ತಿದೆ, ಅಲ್ಲಿಂದ ಹಣತೆಗಳನ್ನು ಹಚ್ಚಿ ತರುತ್ತೇವೆ." ಧ್ವನಿವರ್ಧಕವಿಲ್ಲದೆ ನಲವತ್ತು ವರ್ಷ ಮಂತ್ರಘೋಷ ಮಾಡಿದ ಕಂಠವದು. ಜನರು ಕುಳಿತರು. ಭಜನಾಮಂಡಲಿಯ ಹೆಂಗಸರು ಯಾರ ಅಪ್ಪಣೆಗೂ ಕಾಯದೆ ದಾಸರ ಪದವೊಂದನ್ನು ಎತ್ತಿಕೊಂಡರು. ಅಳುತ್ತಿದ್ದ ಮಕ್ಕಳು ತಾಯಂದಿರ ಕಂಠವನ್ನು ಕೇಳಿ ಸುಮ್ಮನಾದರು. ಸೂರ್ಯ, ಚಂದ್ರ, ಅಗ್ನಿಗಳ ಬಳಿಕ ಮಾತೇ ಬೆಳಕೆಂದು ಯಾಜ್ಞವಲ್ಕ್ಯರು ಹೇಳಿದ್ದು ಇದನ್ನೇ ಎಂದು ಆ ಕ್ಷಣದಲ್ಲಿ ನಮಗೆ ಹೊಳೆಯಲಿಲ್ಲ. ಹೊಳೆಯುವಷ್ಟು ಸ್ವಸ್ಥತೆಯೂ ನಮ್ಮಲ್ಲಿ ಇರಲಿಲ್ಲ. ಏಕೆಂದರೆ ಅಷ್ಟರಲ್ಲಿಯೇ ಎದುರು ಮನೆಯ ತರುಣರು ಮಳೆಯಲ್ಲಿ ತೊಯ್ದು ಮೆಟ್ಟಿಲು ಹತ್ತಿ ಓಡಿಬಂದರು.

ಅವರ ತಂದೆಯವರು ನಿವೃತ್ತ ಅಧ್ಯಾಪಕರು. ಶ್ವಾಸಕೋಶದ ವ್ಯಾಧಿಯಿಂದ ಬಳಲುತ್ತಿರುವ ಅವರು ಹಗಲಿರುಳೂ ಆಮ್ಲಜನಕ ಕೊಡುವ ಯಂತ್ರವನ್ನು ಅವಲಂಬಿಸಿದ್ದಾರೆ. ಆ ಯಂತ್ರವು ಸುತ್ತಲಿನ ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವುದಾದರೂ ವಿದ್ಯುತ್ತಿಲ್ಲದೆ ನಡೆಯದು. ಮನೆಯ ಇನ್ವರ್ಟರು ಮಧ್ಯಾಹ್ನವೇ ಬರಿದಾಗಿ, ಸಂಜೆ ಪೂರ್ತಿ ತುಂಬಿಕೊಂಡಿರಲಿಲ್ಲ. "ಆಚಾರ್ರೇ, ಜನರೇಟರ್ ಹಾಕಿದಿರಾ? ಅಪ್ಪನ ಯಂತ್ರ ನಿಂತುಹೋಗಿದೆ. ಬೆರಳಿನ ಮಾಪಕದಲ್ಲಿ 84 ತೋರಿಸುತ್ತಿದೆ. ಯಂತ್ರವನ್ನು ಇಲ್ಲಿಗೇ ಹೊತ್ತು ತರಲೇ?" ಎಂದು ಅವರು ಕೇಳಿದರು.

ಮಹಾಶಯರೇ, ನಮ್ಮ ತಪ್ಪಿನ ನಿವೇದನೆಯು ಇಲ್ಲಿದೆ. ಆಷಾಢದಲ್ಲಿ ಆ ತರುಣರು ನಮ್ಮ ಬಳಿಗೆ ಬಂದು, "ಮನೆಯ ಬ್ಯಾಟರಿ ಹಳೆಯದಾಗಿದೆ, ಹೊಸದನ್ನು ಈಗಲೇ ಹಾಕಿಸಲೇ, ಅಥವಾ ಸ್ವಲ್ಪ ತಡೆಯಲೇ? ಮಠದ ಜನರೇಟರು ಸುಸ್ಥಿತಿಯಲ್ಲಿದೆಯಷ್ಟೆ?" ಎಂದು ವಿಚಾರಿಸಿದ್ದರು. "ಪ್ರತಿ ಶನಿವಾರ ನಡೆಸಿ ನೋಡುತ್ತೇವೆ, ಚಿಂತೆ ಬೇಡ" ಎಂದು ನಾವು ಹೇಳಿದ್ದೆವು. ಜನರೇಟರಿನ ಪಕ್ಕದಲ್ಲಿ ಮೊಳೆಗೆ ತೂಗುಹಾಕಿದ ಒಂದು ಪುಸ್ತಕವಿದೆ. ಯಂತ್ರವನ್ನು ದಾನವಾಗಿ ಕೊಟ್ಟ ಭಕ್ತರೇ ಅದನ್ನೂ ಕೊಟ್ಟು, ಶನಿವಾರ ಶನಿವಾರ ಹದಿನೈದು ನಿಮಿಷ ಯಂತ್ರವನ್ನು ನಡೆಸಿ ಅದರಲ್ಲಿ ಗುರುತು ಹಾಕಬೇಕೆಂದು ವಿಜ್ಞಾಪಿಸಿದ್ದರು. ಆಷಾಢ ಶುದ್ಧ ಪ್ರತಿಪದೆಯಿಂದ ಆರಾಧನೆಯವರೆಗೆ ಏಳು ಶನಿವಾರಗಳು. ಏಳರ ಎದುರಿಗೂ ನಮ್ಮ ಕೈಯ ಗುರುತು ಇತ್ತು. ಏಳರಲ್ಲಿ ಒಂದು ಶನಿವಾರವೂ ನಾವು ಯಂತ್ರವನ್ನು ನಡೆಸಿರಲಿಲ್ಲ. ಮಳೆ, ಪೂಜೆಯ ಅವಸರ, ಹೇಗೂ ಸರಿಯಾಗಿಯೇ ಇದೆ ಎಂಬ ಭಾವನೆ, ಕಾರಣಗಳಿಗೇನು ಕೊರತೆ? ಪುಸ್ತಕದಲ್ಲಿ ಮಾತ್ರ ಗುರುತು ತಪ್ಪಲಿಲ್ಲ. ಆ ಗುರುತನ್ನು ನಂಬಿ ಒಂದು ಮನೆಯವರು ತಮ್ಮ ರಕ್ಷಣೆಯ ಉಪಾಯವನ್ನು ಮುಂದೂಡಿದ್ದರು.

"ಜನರೇಟರು ನಡೆಯುತ್ತಿಲ್ಲ" ಎಂದೆವು. ಆ ತರುಣರ ಮುಖವು ಕತ್ತಲೆಯಲ್ಲಿ ನಮಗೆ ಕಾಣಲಿಲ್ಲ. ಕಾಣದಿದ್ದುದೇ ನಮ್ಮ ಪುಣ್ಯವೆಂದುಕೊಂಡೆವು. "ಸಿಲಿಂಡರು ಇದೆ, ಆದರೆ ಅದರ ಬಾಯಿ ತೆರೆಯುವ ಚಾವಿ ಸಿಕ್ಕುತ್ತಿಲ್ಲ" ಎಂದು ಅವರು ಅಳುವ ದನಿಯಲ್ಲಿ ಹೇಳಿದರು. ಆಗ ಜಗಲಿಯ ಮೂಲೆಯಿಂದ ಒಂದು ಧ್ವನಿ ಕೇಳಿಸಿತು. ಅದು ಅವರ ತಾಯಿಯವರ ಧ್ವನಿ. ಆರಾಧನೆಗೆಂದು ಬಂದು ಹೆಂಗಸರ ನಡುವೆ ಕುಳಿತಿದ್ದ ಆ ವೃದ್ಧೆಯವರಿಗೆ ಎರಡೂ ಕಣ್ಣುಗಳ ದೃಷ್ಟಿ ಬಹಳ ಮಂದ. "ಮಗು, ದೇವರಮನೆಯ ಬಾಗಿಲ ಹಿಂದೆ ಗಂಟೆ ತೂಗುಹಾಕಿರುವ ಮೊಳೆಗೆ ನೂಲಿನಿಂದ ಕಟ್ಟಿದ್ದೇನೆ. ಕೈಯೆತ್ತಿದರೆ ಸಿಕ್ಕುತ್ತದೆ. ಮೊನ್ನೆ ಏಕಾದಶಿಯ ದಿನವೂ ಮುಟ್ಟಿ ನೋಡಿದ್ದೇನೆ" ಎಂದರು. ನಾವು ಹಣತೆಯೊಂದನ್ನು ಎತ್ತಿಕೊಂಡು ಹೊರಟೆವು. ಎಣ್ಣೆಯ ವಾಸನೆಯಿಂದಲೇ ತಿಳಿದುಕೊಂಡರೋ ಏನೋ, "ಆಚಾರ್ರೇ, ಆ ಕೋಣೆಗೆ ದೀಪವನ್ನು ಒಯ್ಯಬೇಡಿ. ಆಮ್ಲಜನಕ ಇರುವಲ್ಲಿ ಉರಿ ಕೂಡದೆಂದು ಡಾಕ್ಟರರು ಹೇಳಿದ್ದಾರೆ. ಮೊಬೈಲಿನ ಬೆಳಕಿನಲ್ಲಿಯೇ ನೋಡಿ" ಎಂದು ತಡೆದರು. ಅವರು ತಡೆಯದೆ ಇದ್ದಿದ್ದರೆ ಒಂದು ಅನರ್ಥಕ್ಕೆ ಇನ್ನೊಂದನ್ನು ಸೇರಿಸುತ್ತಿದ್ದೆವು.

ಚಾವಿಯು ಆ ತಾಯಿಯವರು ಹೇಳಿದ ಮೊಳೆಯಲ್ಲಿಯೇ ಇತ್ತು. ಸಿಲಿಂಡರನ್ನು ತೆರೆದು, ನಿಮಿಷಕ್ಕೆ ಎರಡು ಲೀಟರಿನಂತೆ ಆಮ್ಲಜನಕವನ್ನು ಹರಿಯಬಿಟ್ಟು, ಮಾಪಕವನ್ನೇ ನೋಡುತ್ತ ಕುಳಿತೆವು. 84 ಇದ್ದುದು 86 ಆಯಿತು, 89 ಆಯಿತು, 91ಕ್ಕೆ ಬಂದು ನಿಂತಿತು. 108ಕ್ಕೆ ಕರೆ ಮಾಡಿದ್ದೆವು. ಮರ ಬಿದ್ದ ಹೆದ್ದಾರಿಯನ್ನು ಬಿಟ್ಟು ಸುತ್ತು ದಾರಿಯಿಂದ ಬಂದ ಆ ವಾಹನದವರು ಅಧ್ಯಾಪಕರನ್ನು ಆಸ್ಪತ್ರೆಗೆ ಕರೆದೊಯ್ದರು. ಮೂರನೆಯ ದಿನ ಅವರು ಮನೆಗೆ ಮರಳಿದರು. ಇತ್ತ ಮಠದಲ್ಲಿ ನಮ್ಮ ತೀರ್ಥರೂಪರು ಮೆಟ್ಟಿಲಿಗೊಬ್ಬರಂತೆ ಹದಿನಾಲ್ಕು ತರುಣರನ್ನು ನಿಲ್ಲಿಸಿ, ಒಬ್ಬೊಬ್ಬರೂ ತಮ್ಮ ಮೆಟ್ಟಿಲಿನ ಸಂಖ್ಯೆಯನ್ನು ಗಟ್ಟಿಯಾಗಿ ಕೂಗುತ್ತಿರುವಂತೆ ಹೇಳಿ, ಮಹಾಮಂಗಳಾರತಿಯಾದ ಮೇಲೆ ಎಲ್ಲರನ್ನೂ ಇಳಿಸಿದ್ದರು. ಮುನ್ನೂರು ಮಂದಿಯಲ್ಲಿ ಒಬ್ಬರೂ ಜಾರಿ ಬೀಳಲಿಲ್ಲ. ರಾತ್ರಿ ಹನ್ನೊಂದೂ ಮುಕ್ಕಾಲಿಗೆ ವಿದ್ಯುತ್ತು ಬಂದಿತು.

ಮರುದಿನ ಉತ್ತರಾರಾಧನೆ. ಬಂದವರೆಲ್ಲರೂ ನಮ್ಮನ್ನು ಸಮಾಧಾನಪಡಿಸಿದರು. "ಎಲ್ಲವೂ ಹರಿಯ ಇಚ್ಛೆ. ರಾಯರು ಕಾಪಾಡಿದರು. ನೀವೇಕೆ ಮರುಗುವಿರಿ?" ಎಂದರು. ಅವರ ಮಾತು ಸ್ನೇಹದಿಂದ ಬಂದದ್ದು. ಅದರಲ್ಲಿ ಸತ್ಯವೂ ಇದೆ. ಆದರೆ ಆ ಸತ್ಯವನ್ನು ನಮ್ಮ ಸೋಮಾರಿತನಕ್ಕೆ ಹೊದಿಕೆಯಾಗಿ ಬಳಸಬಹುದೇ ಎಂಬುದೇ ಇಂದಿನ ವಿಚಾರ.

ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದ ಆರಂಭದಲ್ಲಿಯೇ ತತ್ತ್ವವನ್ನು ಸ್ವತಂತ್ರವೆಂದೂ ಅಸ್ವತಂತ್ರವೆಂದೂ ಎರಡಾಗಿ ವಿಭಾಗಿಸಿರುವರು. ಸ್ವತಂತ್ರನು ಶ್ರೀಹರಿಯೊಬ್ಬನೇ. ಉಳಿದ ಚೇತನಾಚೇತನ ಪ್ರಪಂಚವೆಲ್ಲವೂ ಅವನ ಅಧೀನ. ನಾವು ಆಸರೆಯೆಂದು ನಂಬುವ ವಸ್ತುಗಳನ್ನು ಸ್ವಲ್ಪ ವಿಚಾರ ಮಾಡಿದರೆ ಈ ಅಸ್ವಾತಂತ್ರ್ಯವು ಎದ್ದು ಕಾಣುವುದು. ದೀಪಕ್ಕೆ ತಂತಿಯ ಆಸರೆ, ತಂತಿಗೆ ದೂರದ ವಿದ್ಯುದಾಗಾರದ ಆಸರೆ. ಅದು ತಪ್ಪಿದರೆ ಜನರೇಟರು. ಅದಕ್ಕೋ ಬ್ಯಾಟರಿಯ ಆಸರೆ; ಬ್ಯಾಟರಿಗೆ ಅದನ್ನು ತುಂಬಿಸುವವರ ಆಸರೆ. ಕೆಲಸವಿಲ್ಲದೆ ಸುಮ್ಮನೆ ಇಟ್ಟ ಬ್ಯಾಟರಿಯೂ ದಿನದಿನಕ್ಕೆ ತಾನಾಗಿಯೇ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬಟ್ಟಿಯಿಳಿಸಿದ ನೀರನ್ನು ಕಾಲಕಾಲಕ್ಕೆ ತುಂಬದಿದ್ದರೆ ಅದರೊಳಗಿನ ಫಲಕಗಳು ಒಣಗಿ ಕೆಡುತ್ತವೆ. ಒಂದರ ಹಿಂದೆ ಒಂದರಂತೆ ಎಷ್ಟು ಆಸರೆಗಳನ್ನು ನಿಲ್ಲಿಸಿದರೂ ಎಲ್ಲವೂ ಪರಾವಲಂಬಿಗಳೇ.

ದೊಡ್ಡ ಆಸರೆಗಳ ಪಾಡೂ ಇಷ್ಟೇ. ನಮ್ಮ ಸೀಮೆಯಲ್ಲಿ ಕಾವೇರಿಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿಗೆ ಬಂದಿತು. ಅಂದು ಒಂದು ಜಲಪಾತಕ್ಕೂ ಒಂದು ಊರಿಗೂ ಇದ್ದ ಸಂಬಂಧವು ಇಂದು ದೇಶವ್ಯಾಪಿಯಾದ ಜಾಲವಾಗಿದೆ. 2013ನೆಯ ಇಸವಿ ಡಿಸೆಂಬರ್ 31ರಂದು ರಾಯಚೂರು ಸೊಲ್ಲಾಪುರಗಳ ನಡುವಣ ಮಾರ್ಗದಿಂದ ದಕ್ಷಿಣದ ಜಾಲವೂ ಉಳಿದ ದೇಶದ ಜಾಲದೊಡನೆ ಕೂಡಿಕೊಂಡಿತು. ಈ ಜಾಲದಲ್ಲಿ ಉತ್ಪತ್ತಿಯೂ ಬಳಕೆಯೂ ಕ್ಷಣಕ್ಷಣಕ್ಕೂ ಸರಿತೂಗಬೇಕು. ಒಂದು ಮಾರ್ಗವು ಕಳಚಿದರೆ ಅದರ ಹೊರೆಯು ಪಕ್ಕದ ಮಾರ್ಗಗಳ ಮೇಲೆ ಬೀಳುವುದು. ಅವು ತಾಳದಿದ್ದರೆ ಅವೂ ಕಳಚುವುವು. 2012ರ ಜುಲೈ 30ರಂದು ಉತ್ತರ ಭಾರತದ ಜಾಲವೂ, ಮರುದಿನ 31ರಂದು ಉತ್ತರ, ಪೂರ್ವ, ಈಶಾನ್ಯ ಜಾಲಗಳೂ ಹೀಗೆಯೇ ಕುಸಿದು, ಸುಮಾರು 60 ಕೋಟಿ ಜನರು ವಾಸಿಸುವ ಸೀಮೆಯು ವಿದ್ಯುತ್ತಿಲ್ಲದಂತಾಯಿತು. ಒಬ್ಬರಿಗೊಬ್ಬರು ಆಸರೆಯಾಗಲೆಂದು ಕಟ್ಟಿದ ಜಾಲವೇ ಒಬ್ಬರ ಕುಸಿತವನ್ನು ಇನ್ನೊಬ್ಬರಿಗೆ ಮುಟ್ಟಿಸಿತು. ಕಟ್ಟಿದವರ ಬುದ್ಧಿಯನ್ನು ನಿಂದಿಸಲು ಇದನ್ನು ಹೇಳುತ್ತಿಲ್ಲ. ಅಸ್ವತಂತ್ರಗಳನ್ನು ಎಷ್ಟು ಕೂಡಿಸಿದರೂ ಸ್ವತಂತ್ರವೊಂದು ಹುಟ್ಟದು ಎಂಬುದಕ್ಕೆ ದೃಷ್ಟಾಂತವಾಗಿ ಹೇಳುತ್ತಿದ್ದೇವೆ.

ಕೇನೋಪನಿಷತ್ತಿನ ಕಥೆಯನ್ನು ಸ್ಮರಿಸಿರಿ. ಜಯದಿಂದ ಗರ್ವಿಸಿದ ದೇವತೆಗಳ ಮುಂದೆ ಯಕ್ಷರೂಪದಿಂದ ಪರಬ್ರಹ್ಮನು ಕಾಣಿಸಿಕೊಂಡು ಅಗ್ನಿದೇವನ ಮುಂದೆ ಒಂದು ಹುಲ್ಲುಕಡ್ಡಿಯನ್ನು ಇಟ್ಟನು. ಸಮಸ್ತವನ್ನೂ ದಹಿಸಬಲ್ಲೆನೆಂದ ಅಗ್ನಿಯು ತನ್ನ ವೇಗವನ್ನೆಲ್ಲ ಬಳಸಿದರೂ ಅದನ್ನು ಸುಡಲಾರದೆ ಹಿಂದಿರುಗಿದನು. ಶಕ್ತಿಯನ್ನು ಕೊಟ್ಟವನು ಬೇರೆ, ಶಕ್ತಿಯುಳ್ಳವನಂತೆ ಕಾಣುವವನು ಬೇರೆ. ಅಗ್ನಿದೇವನಿಗೇ ಈ ಸ್ಥಿತಿಯಾದರೆ ಹಿತ್ತಲಿನ ಯಂತ್ರದ ಪಾಡೇನು?

ಹಾಗಾದರೆ ಯಂತ್ರವು ನಡೆಯದಿದ್ದುದು ಹರಿಯ ಇಚ್ಛೆಯೆಂದು ಕೈಕಟ್ಟಿ ಕುಳಿತುಕೊಳ್ಳೋಣವೇ? ಕೂಡದು. ಇದೇ ನಮ್ಮ ಸಿದ್ಧಾಂತದ ಸೂಕ್ಷ್ಮ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನು ಕರ್ತನೆಂದು ಸಾಧಿಸಲ್ಪಟ್ಟಿದೆ. ಅವನು ಕರ್ತನೇ ಅಲ್ಲವೆಂದರೆ, ಇದನ್ನು ಮಾಡು ಇದನ್ನು ಮಾಡಬೇಡ ಎಂಬ ಶಾಸ್ತ್ರವು ಯಾರಿಗಾಗಿ? ಕಲ್ಲಿಗೆ ವಿಧಿಯಿಲ್ಲ, ನಿಷೇಧವೂ ಇಲ್ಲ. ಜೀವನ ಕರ್ತೃತ್ವವು ಪರಾಧೀನವೆಂಬುದು ನಿಜ. ಆದರೆ ಪರಾಧೀನವಾದರೂ ಕರ್ತೃತ್ವವೇ. ಶನಿವಾರದಂದು ಯಂತ್ರವನ್ನು ನಡೆಸುವ ಇಚ್ಛೆ, ಪ್ರಯತ್ನ, ಕೈಕಾಲುಗಳ ಶಕ್ತಿ, ಹದಿನೈದು ನಿಮಿಷದ ಬಿಡುವು, ಎಲ್ಲವನ್ನೂ ಶ್ರೀಹರಿಯು ನಮಗೆ ದಯಪಾಲಿಸಿದ್ದನು. ಕೊಟ್ಟದ್ದನ್ನು ಬಳಸದೆ, ಬಳಸಿದೆವೆಂದು ಬರೆದಿಟ್ಟೆವು. ಅವನ ಸ್ವಾತಂತ್ರ್ಯವನ್ನು ಒಪ್ಪುವುದೆಂದರೆ, ಫಲವು ಬಂದಾಗ "ನನ್ನಿಂದಾಯಿತು" ಎಂಬ ಅಹಂಕಾರವನ್ನು ಬಿಡುವುದು. ಲೋಪವಾದಾಗ "ಅವನಿಂದಾಯಿತು" ಎಂದು ನುಣುಚಿಕೊಳ್ಳುವುದಲ್ಲ. ರಾಯರು ಕಾಪಾಡಿದರು ಎಂಬುದನ್ನು ನಾವು ಶಿರಸಾ ಒಪ್ಪುತ್ತೇವೆ. ಅವರು ಯಾರ ಕೈಯಿಂದ ಕಾಪಾಡಿದರು ಎಂಬುದನ್ನೂ ನೋಡಬೇಕಷ್ಟೆ. ಏಕಾದಶಿ ಏಕಾದಶಿಗೆ ತಪ್ಪದೆ ಚಾವಿಯನ್ನು ಮುಟ್ಟಿ ನೋಡಿದ, ಕಣ್ಣು ಕಾಣದ ಒಬ್ಬ ತಾಯಿಯ ಕೈಯಿಂದ; ಏಳು ಗುರುತುಗಳನ್ನು ಹಾಕಿದ ನಮ್ಮ ಕೈಯಿಂದ ಅಲ್ಲ.

ಇದು ಯಂತ್ರಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ಸಂಧ್ಯಾವಂದನೆಯನ್ನು ಮಾಡುತ್ತೇವೆ; ಎಷ್ಟು ದಿನ ಅದು ಪುಸ್ತಕದಲ್ಲಿ ಗುರುತು ಹಾಕಿದಂತೆ ಆಗಿಹೋಗುವುದು? ಜಪಮಣಿ ತಿರುಗುತ್ತದೆ, ಮನಸ್ಸು ಪೇಟೆಯಲ್ಲಿ ತಿರುಗುತ್ತದೆ. ಹೊರಗೆ ಲೆಕ್ಕವು ಪೂರ್ಣ, ಒಳಗೆ ಬ್ಯಾಟರಿಯು ಬರಿದು. ಸುಖದ ದಿನಗಳಲ್ಲಿ ಇದು ಗೊತ್ತಾಗದು. ಕತ್ತಲೆಯಾದ ದಿನ ಕೀಲಿಯನ್ನು ತಿರುಗಿಸಿದಾಗ 'ಟಕ್' ಎಂಬ ಶಬ್ದ ಮಾತ್ರ ಬರುವುದು.

ಗಜೇಂದ್ರನ ಕಥೆಯನ್ನು ಶ್ರೀಮದ್ಭಾಗವತದ ಅಷ್ಟಮಸ್ಕಂಧದಲ್ಲಿ ಕೇಳಿದ್ದೇವೆ. ಮೊಸಳೆಯು ಕಾಲನ್ನು ಹಿಡಿದಾಗ ಅವನು ಮೊದಲು ತನ್ನ ಬಲವನ್ನು ನಂಬಿದನು. ಅದು ಸಾಲದಾದಾಗ ಸಂಗಡದ ಆನೆಗಳು ಎಳೆದವು, ಅವುಗಳಿಂದಲೂ ಆಗಲಿಲ್ಲ. ಆಸರೆಗಳೆಲ್ಲ ಸೋತ ಮೇಲೆ ಅವನು ಶ್ರೀಹರಿಯನ್ನು ಸ್ತುತಿಸಿದನು. ಎಲ್ಲವೂ ಸೋತಾಗ ಭಗವಂತನನ್ನು ಕೂಗಿದರಾಯಿತು ಎಂದು ನಾವು ಸಾಮಾನ್ಯವಾಗಿ ಈ ಕಥೆಯಿಂದ ತಾತ್ಪರ್ಯ ತೆಗೆಯುತ್ತೇವೆ. ಆದರೆ ಅವನು ಪಠಿಸಿದ ಸ್ತೋತ್ರವು ಹಿಂದಿನ ಜನ್ಮದಲ್ಲಿ ಅಭ್ಯಾಸ ಮಾಡಿದ್ದು ಎಂದು ಭಾಗವತವೇ ಹೇಳುತ್ತದೆ. ಇಂದ್ರದ್ಯುಮ್ನನೆಂಬ ರಾಜನಾಗಿದ್ದಾಗ ಶ್ರದ್ಧೆಯಿಂದ ತುಂಬಿಟ್ಟ ಶಕ್ತಿಯು ಆನೆಯ ದೇಹದಲ್ಲಿ, ನೀರಿನ ನಡುವೆ, ಪ್ರಾಣಸಂಕಟದಲ್ಲಿ ಒದಗಿಬಂದಿತು. ಕೂಗಬೇಕೆಂದಾಗ ಬಾಯಿಗೆ ಬರುವುದು ದಿನನಿತ್ಯವೂ ಬಾಯಿಯಲ್ಲಿದ್ದದ್ದೇ.

ಶ್ರೀ ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ಒಂದು ಪ್ರಸಂಗವನ್ನು ವರ್ಣಿಸಿರುವರು. ರಾತ್ರಿಯಲ್ಲಿ ಪಾಠ ನಡೆಯುತ್ತಿದ್ದಾಗ ದೀಪವು ಆರಿತು. ಶ್ರೀಮದಾಚಾರ್ಯರು ತಮ್ಮ ಪಾದದ ಹೆಬ್ಬೆರಳಿನ ಉಗುರಿನ ಕಾಂತಿಯಿಂದಲೇ ಬೆಳಕನ್ನು ಉಂಟುಮಾಡಿ ಪಾಠವನ್ನು ಮುಂದುವರಿಸಿದರು. ನಾವು ಆ ಕಾಂತಿಯನ್ನು ಕಂಡು ಬೆರಗಾಗಿ ಪಾಠವನ್ನು ಮರೆಯಬಾರದು. ದೀಪವಾರಿದ್ದು ಪಾಠವನ್ನು ನಿಲ್ಲಿಸಲು ಕಾರಣವಲ್ಲ ಎಂಬುದು ಅಲ್ಲಿ ಶಿಷ್ಯರಿಗೆ ಆದ ಉಪದೇಶ. ಯಾರ ಆರಾಧನೆಯನ್ನು ನಾವು ಆಚರಿಸುತ್ತಿದ್ದೇವೆಯೋ ಆ ಗುರುರಾಜರೂ ಪೂರ್ವಾಶ್ರಮದಲ್ಲಿ ವೇಂಕಟನಾಥರಾಗಿದ್ದಾಗ, ರಾತ್ರಿಯಲ್ಲಿ ತರಗೆಲೆಗಳ ಉರಿಯ ಬೆಳಕಿನಲ್ಲಿ ಅಂದಂದಿನ ಪಾಠಕ್ಕೆ ಟಿಪ್ಪಣಿ ಬರೆಯುತ್ತಿದ್ದರೆಂದು ಹಿರಿಯರು ಹೇಳುವರು. ಬರೆದು ದಣಿದು ಹೊದಿಕೆಯಿಲ್ಲದೆ ಮಲಗಿದ್ದ ಶಿಷ್ಯರಿಗೆ ಶ್ರೀ ಸುಧೀಂದ್ರತೀರ್ಥರು ತಮ್ಮ ಶಾಲನ್ನು ಹೊದಿಸಿ, ಆ ಬರಹವನ್ನು ನೋಡಿ ಆನಂದಪಟ್ಟರು. ನ್ಯಾಯಸುಧೆಗೆ ಪರಿಮಳವು ಬಂದದ್ದು ಅಂತಹ ಅಭ್ಯಾಸದಿಂದ. ಗುರುಗಳು ಹೊದಿಸಿದ್ದು ಕೆಲಸ ಮಾಡಿ ದಣಿದವರಿಗೆ, ಮಾಡಿದೆವೆಂದು ಬರೆದಿಟ್ಟವರಿಗಲ್ಲ.

ಉಡುಪಿಯ ಶ್ರೀಕೃಷ್ಣನ ಸನ್ನಿಧಿಯಲ್ಲಿ ಶ್ರೀಮದಾಚಾರ್ಯರ ಕಾಲದಿಂದಲೂ ನಂದಾದೀಪವು ಆರದೆ ಉರಿಯುತ್ತಿದೆಯೆಂದು ಪ್ರತೀತಿಯಿದೆ. ಒಮ್ಮೆ ತುಂಬಿದ ಎಣ್ಣೆಯಿಂದ ಏಳುನೂರು ವರ್ಷ ಯಾವ ದೀಪವೂ ಉರಿಯದು. ನಿನ್ನೆ ಒಬ್ಬರು ಎಣ್ಣೆಯನ್ನು ಎರೆದರು, ಇಂದು ಇನ್ನೊಬ್ಬರು ಎರೆಯುವರು. ನಮ್ಮ ಮಠದಲ್ಲಿಯೂ ಆ ರಾತ್ರಿ ಉರಿಯುತ್ತಿದ್ದುದು, ನಮ್ಮ ತೀರ್ಥರೂಪರು ಬೆಳಗಿನ ಜಾವದಲ್ಲಿ ತಾವೇ ಬತ್ತಿಯನ್ನು ಸರಿಪಡಿಸಿದ ದೀಪವೊಂದೇ.

ಉತ್ತರಾರಾಧನೆ ಮುಗಿದ ಸಂಜೆ ನಾವು ಎದುರು ಮನೆಗೆ ಹೋಗಿ, ಆ ಪುಸ್ತಕವನ್ನು ಮುಂದಿಟ್ಟು ನಡೆದುದನ್ನು ಹೇಳಿದೆವು. ಆ ತರುಣರು ಬಹಳ ಹೊತ್ತು ಮಾತನಾಡಲಿಲ್ಲ. ತಾಯಿಯವರು, "ಹೇಳಿದಿರಲ್ಲ, ಒಳ್ಳೆಯದಾಯಿತು. ಇನ್ನು ಮೇಲೆ ಗುರುತು ಹಾಕುವ ಕೆಲಸವನ್ನು ನನ್ನ ಮಗನಿಗೆ ಕೊಡಿ, ಯಂತ್ರ ನಡೆಸುವ ಕೆಲಸ ನಿಮಗಿರಲಿ" ಎಂದರು. ಅಂದಿನಿಂದ ಹಾಗೆಯೇ ನಡೆಯುತ್ತಿದೆ. ಅವರ ಮನೆಗೆ ಹೊಸ ಬ್ಯಾಟರಿಯೂ ಬಂದಿದೆ. ಅಧ್ಯಾಪಕರು ಆಸ್ಪತ್ರೆಯಿಂದ ಬಂದ ಮೇಲೆ, "ಈ ಸಂಗತಿಯನ್ನು ಪ್ರವಚನದಲ್ಲಿ ಹೇಳಿ, ನಾಲ್ಕು ಜನರಿಗೆ ಉಪಯೋಗವಾಗಲಿ" ಎಂದು ಅಪ್ಪಣೆ ಕೊಟ್ಟರು. ಅವರ ಅಪ್ಪಣೆಯಿಂದಲೇ ಇಷ್ಟನ್ನು ಹೇಳಲು ನಮಗೆ ಧೈರ್ಯ ಬಂದಿದೆ.

ಕೊನೆಯಲ್ಲಿ ಗೃಹಸ್ಥರೆಲ್ಲರಲ್ಲಿಯೂ ಕೆಲವು ವಿಜ್ಞಾಪನೆಗಳು. ಮನೆಯಲ್ಲಿ ಆಮ್ಲಜನಕದ ಯಂತ್ರವನ್ನು ಅವಲಂಬಿಸಿದವರಿದ್ದರೆ ತುಂಬಿದ ಸಿಲಿಂಡರೊಂದು ಇರಲಿ. ಅದರ ಚಾವಿ ಎಲ್ಲಿದೆಯೆಂಬುದು ಮನೆಯ ಪ್ರತಿಯೊಬ್ಬರಿಗೂ ತಿಳಿದಿರಲಿ. ಆ ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರಗಳು ಬೇಡ. ಜನರೇಟರನ್ನು ಮುಚ್ಚಿದ ಕೋಣೆಯಲ್ಲಿ ಎಂದಿಗೂ ನಡೆಸಬಾರದು. ಅದರ ಹೊಗೆಯಲ್ಲಿರುವ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊರಗಿನ ತಂತಿಯಿಂದ ಮನೆಯನ್ನು ಬೇರ್ಪಡಿಸುವ ಸ್ವಿಚ್ಚಿಲ್ಲದೆ ಜನರೇಟರಿನ ವಿದ್ಯುತ್ತನ್ನು ಮನೆಯ ತಂತಿಗಳಿಗೆ ಕೊಡಬಾರದು. ಕೊಟ್ಟರೆ ಅದು ಹೊರಗೆ ಹರಿದು, ಮಳೆಯಲ್ಲಿ ಕಂಬವನ್ನು ಹತ್ತಿ ನಮಗಾಗಿಯೇ ದುಡಿಯುತ್ತಿರುವ ಲೈನ್‌ಮನ್ನರ ಪ್ರಾಣವನ್ನು ತೆಗೆದೀತು. ನಮ್ಮ ಬೆಳಕಿಗಾಗಿ ಇನ್ನೊಬ್ಬರ ಮನೆಯ ಬೆಳಕನ್ನು ಆರಿಸುವುದು ಮಹಾಪಾಪ. ವಾರಕ್ಕೊಮ್ಮೆ ಯಂತ್ರವನ್ನು ನಡೆಸಿ ನೋಡಿರಿ. ತಿಂಗಳಿಗೊಮ್ಮೆ ಬೇಕೆಂದೇ ಮನೆಯ ದೀಪಗಳನ್ನೆಲ್ಲ ಆರಿಸಿ, ಕತ್ತಲೆಯಲ್ಲಿ ಏನು ಎಲ್ಲಿದೆಯೆಂದು ಮಕ್ಕಳಿಂದ ಹುಡುಕಿಸಿರಿ. ಆ ಹೊತ್ತಿನಲ್ಲಿ ಎಲ್ಲರೂ ಕುಳಿತು ಒಂದು ದೇವರನಾಮವನ್ನು ಹೇಳಿಕೊಳ್ಳಿರಿ. ಪುಸ್ತಕವನ್ನು ನೋಡದೆ ಎಷ್ಟು ನೆನಪಿಗೆ ಬರುವುದೆಂದು ಆಗ ತಿಳಿಯುವುದು.

ಎಲ್ಲರ ಬಾಳಿನಲ್ಲಿಯೂ ಒಂದು ರಾತ್ರಿಯು ಬರಲಿದೆ. ಅಂದು ಸೂರ್ಯಚಂದ್ರರು ಕಣ್ಣಿಗೆ ಕಾಣರು, ಬಂಧುಗಳ ಮಾತೂ ಕಿವಿಗೆ ಕೇಳಿಸದು. ಆಗ ಉಳಿಯುವ ಬೆಳಕು ಒಂದೇ ಎಂದು ಯಾಜ್ಞವಲ್ಕ್ಯರು ಹೇಳ್ದುದು ಸತ್ಯ. ಆ ಸ್ವತಂತ್ರನಾದ ಸ್ವಾಮಿಯು ನಮ್ಮಂತೆ ಸುಳ್ಳು ಗುರುತು ಹಾಕಿ ಕೈಬಿಡುವವನಲ್ಲ. ಅವನನ್ನು ನೆನೆಯುವ ಅಭ್ಯಾಸವನ್ನು ದಿನವೂ ಸ್ವಲ್ಪ ಸ್ವಲ್ಪವಾಗಿ, ನಿಜವಾಗಿ, ತುಂಬಿಕೊಳ್ಳುವ ಬುದ್ಧಿಯನ್ನು ಅವನೇ ನಮಗೆಲ್ಲರಿಗೂ ದಯಪಾಲಿಸಲೆಂದು ಗುರುರಾಜರ ಅಂತರ್ಯಾಮಿಯಾದ, ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯಲ್ಲಿ ಪ್ರಾರ್ಥಿಸಿ ವಿರಮಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.